ಪೀಣ್ಯದ ಶೆಡ್ಡಿನಲ್ಲಿ ನಿಕ್ಸಿ ಟ್ಯೂಬ್: ನನ್ನ ಅನುಭವ

ಹೋದ ವರ್ಷದ ಯುಗಾದಿಯಿಂದ ನಮ್ಮ ಶೆಡ್ಡಿನ ಗೋಡೆ ಮೇಲೆ ಆರು ಅಂಕಿಯ ನಿಕ್ಸಿ ಗಡಿಯಾರ ಓಡುತ್ತಿದೆ. ನಿಕ್ಸಿ ಅಂದರೆ ಗ್ಯಾಸ್ ತುಂಬಿದ ಗಾಜಿನ ಟ್ಯೂಬ್. ಒಳಗೆ 0ಯಿಂದ 9ರವರೆಗೆ ಲೋಹದ ಅಂಕಿಗಳು ಒಂದರ ಹಿಂದೊಂದು ಇರುತ್ತವೆ, ಕರೆಂಟ್ ಕೊಟ್ಟ ಅಂಕಿ ಹೊಳೆಯುತ್ತದೆ. ಹಗಲು ರಾತ್ರಿ ಆರಿಸಿಲ್ಲ. ಆರೂ ಟ್ಯೂಬ್ ನಾವೇ ಮಾಡಿದ್ದು. ಗಾಜು ಕಾಯಿಸಿದ್ದು, ಪಿನ್ ಕೂರಿಸಿದ್ದು, ಗ್ಯಾಸ್ ತುಂಬಿದ್ದು ಎಲ್ಲ ಪೀಣ್ಯದಲ್ಲೇ. "ಗಡಿಯಾರ ತಾನೆ ಬೇಕು? ಐಎನ್-14 ತರಿಸಿಕೋ" ಎಂದವರೇ ಜಾಸ್ತಿ. ಅದು ಸೋವಿಯತ್ ಕಾಲದಲ್ಲಿ ಮಾಡಿಟ್ಟ ನಿಕ್ಸಿ ಟ್ಯೂಬ್. ಅವರೀಗ ಬಂದು ನೋಡಿ ಹೋಗುತ್ತಿದ್ದಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ಸೋವಿಯತ್ ಕಾಲದ ಸ್ಟಾಕ್ ಕರಗುತ್ತಲೇ ಇದೆ. ಅದರಲ್ಲೇ ದೊಡ್ಡ ಟ್ಯೂಬಾದ ಐಎನ್-18ರ ಬೆಲೆ ಕೇಳಿದವರಿಗೆ ಗೊತ್ತು. ಅದೂ ಅಲ್ಲದೆ, ಐಎನ್-14ರಲ್ಲಿ 2ನ್ನೇ ತಲೆಕೆಳಗು ಮಾಡಿ 5 ಎಂದು ಹಾಕಿರುವುದು ನನಗೆ ಮೊದಲಿಂದಲೂ ಹಿಡಿಸಿಲ್ಲ. ಝೆಕ್ ದೇಶದ ಡಾಲಿಬೋರ್ ಫಾರ್ನಿ ಪೂರ್ವ ಜರ್ಮನಿಯ ಝಡ್568ಎಂ ಟ್ಯೂಬನ್ನು ಹೊಸದಾಗಿ ಕೈಯಲ್ಲೇ ಮಾಡಿ ತೋರಿಸಿದ್ದಾರೆ. ಅಲ್ಲಿ ಆಗಿದ್ದು ಇಲ್ಲೇಕೆ ಆಗಬಾರದು? ನಮ್ಮ ಊರಿನ ಜಾಲಹಳ್ಳಿಯಲ್ಲಿ ಬಿಇಎಲ್ ಒಂದು ಕಾಲಕ್ಕೆ ರೇಡಿಯೊ ವಾಲ್ವ್, ಅಂದರೆ ಹಳೇ ರೇಡಿಯೊದೊಳಗಿನ ಗಾಜಿನ ಟ್ಯೂಬ್, ಮಾಡುತ್ತಿತ್ತು. ಕೆಲಸ ಈ ಊರಿಗೆ ಹೊಸದಲ್ಲ.

ವಾಲ್ವ್ ಕೆಲಸ ಬಲ್ಲ ಹಿರಿಯರೊಬ್ಬರ ಹತ್ತಿರ ಹೋದೆ. "ಅಂಕಿ ಕತ್ತರಿಸೋದು ಯಾರಾದ್ರೂ ಮಾಡ್ತಾರೆ ಕಣಯ್ಯಾ. ಹನ್ನೊಂದು ಪಿನ್ ಸೀಲ್ ನಿಲ್ಲಿಸು, ಆಮೇಲೆ ಮಾತಾಡೋಣ" ಎಂದರು. ಹತ್ತು ಅಂಕಿಗೆ ಹತ್ತು, ಆನೋಡಿಗೆ (ಪ್ಲಸ್ ತುದಿಗೆ) ಒಂದು, ಹೀಗೆ ಹನ್ನೊಂದು ಪಿನ್. ಅವು ಗಾಜನ್ನು ದಾಟುವ ಕಡೆ ಗಾಳಿ ನುಗ್ಗದಂತೆ ಬೆಸೆಯುವುದೇ ಸೀಲ್. ಅವರು ಹೇಳಿದ್ದು ಸರಿ. ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಆ ಸೀಲಿಗೇ ಹೋಯಿತು.

ಮೊದಲು ಬೋರೋಸಿಲಿಕೇಟ್ ಗಾಜು, ಟಂಗ್‌ಸ್ಟನ್ ಪಿನ್ ಹಿಡಿದೆ. ಸೀಲ್ ನೋಡಲು ಚೆನ್ನಾಗಿಯೇ ಬರುತ್ತದೆ. ಆದರೆ ಟಂಗ್‌ಸ್ಟನ್ ತಂತಿ ಉದ್ದಕ್ಕೆ ಸೀಳಿಕೊಳ್ಳುತ್ತದೆ. ಗಾಜು ಗಟ್ಟಿಯಾಗಿಯೇ ಇರುತ್ತದೆ, ಗಾಳಿ ತಂತಿಯ ಒಳಗಿಂದಲೇ ನುಗ್ಗುತ್ತದೆ. ಲೀಕ್ ಎಲ್ಲಿ ಅಂತ ಹುಡುಕುವುದರಲ್ಲೇ ಒಂದು ಮಳೆಗಾಲ ಕಳೆಯಿತು. ಲಕ್ಷದ ಮೇಲೆ ಹೋಯಿತು.

ಆಮೇಲೆ ಲೆಡ್ ಗ್ಲಾಸ್ (ಸೀಸ ಬೆರೆತ ಗಾಜು), ಡ್ಯೂಮೆಟ್ ತಂತಿಗೆ (ನಿಕ್ಕಲ್-ಕಬ್ಬಿಣದ ಮೇಲೆ ತಾಮ್ರ ಹೊದಿಸಿದ್ದು) ಬಂದೆ. ಹಳೇ ಬಲ್ಬುಗಳಲ್ಲಿ ಇದ್ದದ್ದೇ ಈ ಜೋಡಿ. ಮುಚ್ಚಿಹೋದ ಒಂದು ಬಲ್ಬ್ ಕಾರ್ಖಾನೆಯ ಗುಜರಿಯಲ್ಲಿ ಫ್ಲೇರ್‌ಗಳು (ಬಲ್ಬಿನೊಳಗೆ ತಂತಿ ಹಿಡಿಯುವ, ಬಾಯಿ ಅಗಲಿಸಿದ ಗಾಜಿನ ಕೊಳವೆ ತುಂಡುಗಳು) ಡಬ್ಬಗಟ್ಟಲೆ ಸಿಕ್ಕವು. ಕೆಜಿ ಲೆಕ್ಕದಲ್ಲಿ ತಂದೆ. ಎಲ್‌ಇಡಿ ಬಂದ ಮೇಲೆ ಕೆಲಸ ಕಮ್ಮಿಯಾಗಿದ್ದ ನಿಯಾನ್ ಬೋರ್ಡಿನ ಮೇಸ್ತ್ರಿಯೊಬ್ಬರು ಜೊತೆಗೂಡಿದರು. ಬಾಂಬಾರ್ಡರ್ (ಟ್ಯೂಬಿನೊಳಗೆ ಹೈ ವೋಲ್ಟೇಜ್ ಹರಿಸಿ ಕಾಯಿಸಿ ಶುಚಿ ಮಾಡುವ ಯಂತ್ರ), ಬರ್ನರ್ ಅವರದ್ದೇ. ಅವರ ಕೈಯಿಲ್ಲದಿದ್ದರೆ ಈ ಟ್ಯೂಬ್ ಇಲ್ಲ.

ಡ್ಯೂಮೆಟ್ ಸೀಲನ್ನು ಬಣ್ಣ ನೋಡಿಯೇ ಹೇಳಬಹುದು. ಗಾಜಿನೊಳಗೆ ತಂತಿ ಇಟ್ಟಿಗೆ ಕೆಂಪಾಗಿ ಕಂಡರೆ ಆಯಿತು. ತಾಮ್ರದ ಹಾಗೆ ಫಳಫಳ ಅಂದರೆ ಗಾಜು ಕಚ್ಚಿಲ್ಲ. ಕಪ್ಪಾದರೆ ಸುಟ್ಟಿದೆ. ಒಂದೇ ತಂತಿಗೆ ಇದು ಸುಲಭ. ವೃತ್ತದಲ್ಲಿ ಹನ್ನೊಂದು ತಂತಿ ನಿಲ್ಲಿಸಿದಾಗ ಜ್ವಾಲೆಯ ಕಡೆಯದು ಕಪ್ಪಾಗುವ ಹೊತ್ತಿಗೆ ಹಿಂದಿನದು ಇನ್ನೂ ಹೊಳೆಯುತ್ತಿರುತ್ತದೆ. ಗ್ರಾಫೈಟ್ ಅಚ್ಚಿನಲ್ಲಿ ತೂತು ಕೊರೆಸಿ, ಅಚ್ಚನ್ನು ನಿಧಾನವಾಗಿ ತಿರುಗಿಸುವ ಮೋಟಾರ್ ಹಾಕಿದ ಮೇಲೆ ಎಲ್ಲವೂ ಒಂದೇ ಬಣ್ಣಕ್ಕೆ ಬಂದವು. ಜ್ವಾಲೆಗೆ ಆಕ್ಸಿಜನ್ ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು ಎಂಬುದು ಮೇಸ್ತ್ರಿಯವರ ವಿದ್ಯೆ. ಅದನ್ನು ನಾನು ಬರೆಯುವುದು ಸರಿಯಲ್ಲ.

ಇಷ್ಟಾದರೂ ಬೆಳಿಗ್ಗೆ ಬಂದು ನೋಡಿದರೆ ಪಿನ್‌ನಿಂದ ಪಿನ್‌ಗೆ ಕೂದಲೆಳೆಯಷ್ಟು ಬಿರುಕು. ಒಡೆದ ಎಲ್‌ಸಿಡಿ ಮಾನಿಟರ್‌ನಿಂದ ಪೋಲರೈಸರ್ ಹಾಳೆ (ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೋಸುವ ಪ್ಲಾಸ್ಟಿಕ್) ಬಿಡಿಸಿ, ಎರಡರ ನಡುವೆ ಗಾಜು ಹಿಡಿದು ನೋಡಿದೆ. ಪಿನ್‌ಗಳ ಸುತ್ತ ಬೆಳ್ಳಗೆ ಹೊಳೆಯುವ ಪಟ್ಟಿಗಳು. ಅಷ್ಟೂ ಒಳಗಿನ ಬಿಗಿತ. ಕುಲುಮೆಯಲ್ಲಿ ಸುಮಾರು 430 ಡಿಗ್ರಿಯಲ್ಲಿ ಇಟ್ಟು, ರಾತ್ರಿಯಿಡೀ ತಣಿಯಲು ಬಿಟ್ಟ ಮೇಲೆ ಆ ಪಟ್ಟಿಗಳು ಹೋದವು. ಈ ಕಾಸಿಲ್ಲದ ಉಪಕರಣ ನಮ್ಮ ಎಷ್ಟು ಸಾವಿರ ಉಳಿಸಿದೆಯೋ ಲೆಕ್ಕವಿಲ್ಲ.

ಅಂಕಿಗಳದ್ದು ಅಷ್ಟು ದೊಡ್ಡ ಕಥೆಯಲ್ಲ. 0.2 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್, ಫೋಟೊ ಎಚಿಂಗ್ (ಚಿತ್ರ ಮೂಡಿಸಿ ರಾಸಾಯನಿಕದಿಂದ ಕೊರೆಯುವುದು), ನಡುವೆ ಅಭ್ರಕದ ವಾಷರ್, ಮುಂದೆ ಆನೋಡ್ ಜಾಲರಿ. ಎಚಿಂಗ್ ಅಂಗಡಿಯೊಂದು ಅಂಚು ಕಚ್ಚಿದ ಹಾಳೆಗಳನ್ನೇ ಎರಡು ಸಲ ಕೊಟ್ಟು ಪೂರ್ತಿ ದುಡ್ಡು ತೆಗೆದುಕೊಂಡಿತು. ಈಗ ಬೇರೆ ಕಡೆ ಮಾಡಿಸುತ್ತೇನೆ. ಅಂಚು ಒರಟಾಗಿದ್ದರೆ ಹೊಳಪು ಅಲ್ಲಲ್ಲಿ ತುಂಡಾಗುತ್ತದೆ. ಹಾಳೆ ಕೈಗೆ ಬಂದ ತಕ್ಷಣ ಲೂಪ್ (ಭೂತಗನ್ನಡಿ) ಹಿಡಿದು ನೋಡಿ.

ಸೀಲ್ ನಿಂತ ಮೇಲೆ ಬಂದ ಕಾಯಿಲೆ ಬೇರೆ. ಟ್ಯೂಬ್ ಮೊದಲ ದಿನ ಚೆಂದದ ಕಿತ್ತಳೆ ಬಣ್ಣ. ಎರಡು ಮೂರು ವಾರಕ್ಕೆ ಬಣ್ಣ ಗುಲಾಬಿಗೆ ತಿರುಗುತ್ತದೆ. 170 ವೋಲ್ಟ್‌ಗೆ ಹತ್ತುತ್ತಿದ್ದದ್ದು 200 ದಾಟಿದರೂ ಹತ್ತುವುದಿಲ್ಲ. ಎಲ್ಲರೂ ಲೀಕ್ ಎಂದರು. ಹೀಲಿಯಂ ಡಿಟೆಕ್ಟರ್ ಬಾಡಿಗೆಗೆ ತಂದು ನೋಡಿದೆವು. ಲೀಕ್ ಇರಲಿಲ್ಲ. ಕಳ್ಳ ಒಳಗೇ ಇದ್ದ. ಸ್ಟೀಲ್, ಅಭ್ರಕ ಎರಡೂ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ನೀರಿನಾವಿ, ಗ್ಯಾಸನ್ನು ನಿಧಾನವಾಗಿ ಬಿಡುತ್ತಿದ್ದವು. ಲೋಹದ ಭಾಗಗಳನ್ನು ಮೊದಲೇ ಹೈಡ್ರೋಜನ್‌ನಲ್ಲಿ ಕಾಯಿಸುವುದು, ಟ್ಯೂಬನ್ನು ಪಂಪಿನ ಮೇಲಿಟ್ಟು 350ರ ಸುಮಾರಿಗೆ ಗಂಟೆಗಟ್ಟಲೆ ಬೇಯಿಸುವುದು, ಗಾಳಿ ಹೊರಗೆಳೆಯುವ ಟರ್ಬೊ ಪಂಪ್ 10ರ ಮೈನಸ್ 6 ಮಿಲಿಬಾರ್, ಅಂದರೆ ಒಳಗೆ ಗಾಳಿ ಇಲ್ಲವೇ ಇಲ್ಲ ಎನ್ನುವಷ್ಟು, ತೋರಿಸುವವರೆಗೆ ಕಾಯುವುದು. ಇದರಲ್ಲಿ ಯಾವುದನ್ನು ಬಿಟ್ಟರೂ ಗುಲಾಬಿ ಬಣ್ಣ ಬಂದೇ ಬರುತ್ತದೆ. ಇವೆಲ್ಲ ಆದ ಮೇಲೆ ಪ್ರತಿ ಅಂಕಿಯನ್ನೂ ಜಾಸ್ತಿ ಕರೆಂಟ್‌ನಲ್ಲಿ ಉರಿಸಿ ತೊಳೆಯುವ ಒಂದು ಹೆಜ್ಜೆ ಇದೆ. ಎಷ್ಟು ಕರೆಂಟ್, ಯಾವ ಗ್ಯಾಸ್‌ನಲ್ಲಿ, ಎಷ್ಟು ಹೊತ್ತು ಎಂಬುದನ್ನು ನಾನು ಹೇಳುವುದಿಲ್ಲ. ನಮ್ಮ ಟ್ಯೂಬ್ ನಿಂತಿರುವುದೇ ಅದರ ಮೇಲೆ.

ತುಂಬುವುದು ನಿಯಾನ್, ಜೊತೆಗೆ ಒಂದು ಶೇಕಡಾಕ್ಕೂ ಕಮ್ಮಿ ಆರ್ಗಾನ್. ಬೇರೆ ದೇಶದ ಜಗಳ ಪೀಣ್ಯದವರೆಗೆ ಬಂದದ್ದನ್ನು ನಾನು ನೋಡಿದ್ದು ಈ ಗ್ಯಾಸಿನಲ್ಲಿ. ಚಿಪ್ ಕಾರ್ಖಾನೆಗಳಿಗೆ ಹೋಗುವ ನಿಯಾನ್‌ನ ದೊಡ್ಡ ಪಾಲು ಉಕ್ರೇನಿನ ಮರಿಯುಪೋಲ್, ಒಡೆಸಾದಿಂದ ಬರುತ್ತಿತ್ತು. 2022ರಲ್ಲಿ ಯುದ್ಧ ಶುರುವಾದಾಗ ನನ್ನ ಪುಟ್ಟ ಸಿಲಿಂಡರಿನ ಬೆಲೆ ಹಲವು ಪಟ್ಟು ಏರಿತು. ಒಂದು ಟ್ಯೂಬಿಗೆ ಬೇಕಾಗುವುದು ಚಿಟಿಕೆಯಷ್ಟೇ. ಆದರೆ ಮ್ಯಾನಿಫೋಲ್ಡ್ (ಸಿಲಿಂಡರ್, ಪಂಪ್, ಟ್ಯೂಬ್ ಜೋಡಿಸುವ ಪೈಪುಗಳ ಜಾಲ) ತೊಳೆಯಲು ಹೋಗುವುದೇ ಹೆಚ್ಚು. ಆಗ ಪೈಪೆಲ್ಲ ಬಿಚ್ಚಿ ಮ್ಯಾನಿಫೋಲ್ಡನ್ನು ಅರ್ಧಕ್ಕೆ ಇಳಿಸಿದೆ. ಒಳ್ಳೆಯದೇ ಆಯಿತು.

ಪಾದರಸ ಹಾಕಿದರೆ ಕ್ಯಾಥೋಡ್ (ಹೊಳೆಯುವ ಲೋಹದ ಅಂಕಿ) ಸವೆಯುವುದು ಕಮ್ಮಿಯಾಗಿ ಆಯುಷ್ಯ ಬಹಳ ಹೆಚ್ಚುತ್ತದೆ. ನಾನು ಹಾಕಲಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಬಿಸಿ ಪಾದರಸದ ಜೊತೆ ಹುಡುಗರನ್ನು ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ರಾತ್ರಿ ಹೊತ್ತು ಸಾಫ್ಟ್‌ವೇರ್‌ನಲ್ಲಿ ಹತ್ತೂ ಅಂಕಿ ತಿರುಗಿಸುತ್ತೇನೆ. ಬಳಸದೆ ಬಿಟ್ಟ ಅಂಕಿಯ ಮೇಲೆ ಕೊಳೆ ಕೂತು ಅಲ್ಲಲ್ಲಿ ಹೊಳೆಯದೆ ಹೋಗುವ ಕ್ಯಾಥೋಡ್ ಪಾಯ್ಸನಿಂಗ್ ಇಲ್ಲಿಯವರೆಗೆ ಕಂಡಿಲ್ಲ.

ನಡುವೆ ಕನ್ನಡ ಅಂಕಿಯ ಟ್ಯೂಬೂ ಮಾಡಿದೆ. ಸುಮ್ನೆ ಆಸೆ ಅಷ್ಟೇ. ಅಲ್ಲಿ ಹೊಸ ಪಾಠ ಸಿಕ್ಕಿತು. ೧ ಮತ್ತು ೦ ನಡುವೆ ಇರುವುದು ಕೆಳಗಿನ ಒಂದು ಬಾಯಿ ಮಾತ್ರ. ಲೋಹದಲ್ಲಿ ಬಾಯಿ ತೆರೆದೇ ಇತ್ತು. ಆದರೆ ಹೊಳಪು ತಂತಿಗಿಂತ ದಪ್ಪ, ಎರಡೂ ಕಡೆಯಿಂದ ಉಬ್ಬಿ ಬಾಯಿ ಮುಚ್ಚಿಬಿಟ್ಟಿತು. ಗಡಿಯಾರ 11:01 ತೋರಿಸಿದರೆ ನಾಲ್ಕೂ ಸೊನ್ನೆ! ೬ ಮತ್ತು ೯ರ ಬಾಲದ್ದೂ ಇದೇ ಗೋಳು. ಗ್ಯಾಸಿನ ಒತ್ತಡ ಏರಿಸಿದರೆ ಹೊಳಪು ತೆಳುವಾಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಜೊತೆಗೆ ೧ರ ಬಾಯಿಯನ್ನು ಅಚ್ಚಿನ ಅಕ್ಷರಕ್ಕಿಂತ ದುಪ್ಪಟ್ಟು ಅಗಲಿಸಿದೆ. ಈಗ ಕೋಣೆಯ ಆ ತುದಿಯಿಂದಲೂ ಓದಬಹುದು. ನಾನು ಮಾಡಿದ್ದರಲ್ಲಿ ಚೆಂದದ ಟ್ಯೂಬ್ ಇದೇ.

ದುಡ್ಡಿನ ವಿಷಯ ಎಲ್ಲರೂ ಕೇಳುತ್ತಾರೆ. ಸೆಕೆಂಡ್ ಹ್ಯಾಂಡ್ ಟರ್ಬೊ ಪಂಪ್ ಎರಡು ಲಕ್ಷದ ಹತ್ತಿರ. ಕುಲುಮೆ, ಗೇಜು, ಅಚ್ಚು, ಒಡೆದ ಗಾಜು ಎಲ್ಲ ಸೇರಿ ಎಂಟೊಂಬತ್ತು ಲಕ್ಷ ಇಳಿದಿದೆ. ಶುರುವಿನಲ್ಲಿ ಹತ್ತು ಟ್ಯೂಬಿಗೆ ಒಂದು ಉಳಿದರೆ ಹೆಚ್ಚು. ಈಗ ಆರೇಳು ಉಳಿಯುತ್ತವೆ. ಮೇಸ್ತ್ರಿಯವರ ಕೂಲಿ ಸೇರಿ ಒಂದಕ್ಕೆ ನಾಲ್ಕೈದು ಸಾವಿರ ಬೀಳುತ್ತದೆ. ಮಾರುವ ಮೊದಲು ಪ್ರತಿ ಟ್ಯೂಬನ್ನೂ ಒಂದು ತಿಂಗಳು ಕಪಾಟಿನಲ್ಲಿಟ್ಟು, ಹತ್ತುವ ವೋಲ್ಟೇಜ್ ಮತ್ತೆ ಅಳೆಯುತ್ತೇನೆ. ಐದು ವೋಲ್ಟ್ ಏರಿದ್ದರೂ ಹೊರಗೆ ಕೊಡುವುದಿಲ್ಲ.

ಗುಜರಿಯ ಫ್ಲೇರ್ ಇನ್ನು ಎರಡು ಡಬ್ಬ ಉಳಿದಿದೆ. ಸುಮಾರು 30 ಮಿ.ಮೀ. ಲೆಡ್ ಗ್ಲಾಸ್ ಕೊಳವೆ ಯಾರ ಹತ್ತಿರವಾದರೂ ಇದ್ದರೆ, ಹಳೇದಾದರೂ ಪರವಾಗಿಲ್ಲ, ಹೇಳಿ. ತೂಕಕ್ಕಲ್ಲ, ಉದ್ದಕ್ಕೇ ದುಡ್ಡು ಕೊಡುತ್ತೇನೆ.