ಸಾಕ್ಷಿಯ ಮಾತು ಸಾಕ್ಷಿಯದೇ ಆಗಿರಬೇಕು: ತನಿಖಾಧಿಕಾರಿಯೊಬ್ಬನ ಅನುಭವ

ತನಿಖೆಯ ಕೆಲಸದಲ್ಲಿ ನನ್ನ ಹೆಚ್ಚಿನ ಸಮಯ ಹೋದದ್ದು ಜನರ ಎದುರು ಕುಳಿತು ಅವರ ಮಾತು ಕೇಳುವುದರಲ್ಲಿ. ಬೆನ್ನಟ್ಟುವುದು, ಶೋಧಿಸುವುದು, ಬಂಧಿಸುವುದು ಇವೆಲ್ಲ ಸೇರಿದರೂ ಅದರ ಅರ್ಧದಷ್ಟಾಗದು. ದೂರುದಾರರು, ಗಾಯಾಳುಗಳು, ಪ್ರತ್ಯಕ್ಷದರ್ಶಿಗಳು, ಆರೋಪಿಗಳು ಏನು ಹೇಳಿದರು, ಅದನ್ನು ನಾವು ಹೇಗೆ ಹೇಳಿಸಿದೆವು, ಹೇಗೆ ಬರೆದುಕೊಂಡೆವು ಎಂಬುದರ ಮೇಲೆ ಎಷ್ಟೋ ಪ್ರಕರಣಗಳ ಹಣೆಬರಹ ನಿಂತಿರುತ್ತದೆ. ಹಾಗಿದ್ದರೂ ಮಾತನಾಡಿಸುವುದು ಹುಟ್ಟಿನಿಂದ ಬರುವ ಗುಣ, ಅದಕ್ಕೆ ಅಭ್ಯಾಸ ಬೇಕಿಲ್ಲ ಎಂದು ನಂಬುವ ಸಹೋದ್ಯೋಗಿಗಳು ಇಂದಿಗೂ ಇದ್ದಾರೆ. ಅದು ಕಲಿತು, ಪ್ರತಿ ಬಾರಿಯೂ ಎಚ್ಚರದಿಂದ ಮಾಡಬೇಕಾದ ಕೆಲಸ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಅದನ್ನು ಮಾಡುವ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಸಾಕ್ಷಿ ಬರುವ ಮೊದಲು ಹಾಳೆಯ ಮೇಲೆ ಎರಡು ಪಟ್ಟಿ ಬರೆದುಕೊಳ್ಳುತ್ತೇನೆ. ದಾಖಲೆಯಿಂದಲೋ ವಸ್ತುವಿನಿಂದಲೋ ಖಚಿತವಾಗಿರುವುದು ಒಂದರಲ್ಲಿ. ಹೀಗಿರಬಹುದು ಎಂದು ನಾನು ಊಹಿಸುತ್ತಿರುವುದು ಇನ್ನೊಂದರಲ್ಲಿ. ಎರಡನೆಯ ಪಟ್ಟಿಯೇ ಅಪಾಯಕಾರಿ. ತಲೆಯಲ್ಲಿರುವ ಊಹೆ ಪ್ರಶ್ನೆಯೊಳಗೆ ನುಸುಳುತ್ತದೆ. ಕಾಗದದ ಮೇಲೆ ಕಣ್ಣೆದುರೇ ಇದ್ದರೆ ಅದನ್ನು ತಡೆಯಬಹುದು. ಇನ್ನು ಜಾಗದ ಮಾತು: ಬಾಗಿಲು ಮುಚ್ಚುವ ಕೋಣೆ, ಸದ್ದು ಮಾಡದ ಮೊಬೈಲ್, ಕುಡಿಯಲು ನೀರು. ಇಷ್ಟು ಸಾಕು.

ಆರಂಭದಲ್ಲಿ ನಾನು ಯಾರು, ಏಕೆ ಕರೆದಿದ್ದೇನೆ, ಈ ಹೇಳಿಕೆ ಮುಂದೆ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಹೇಳುತ್ತೇನೆ. ಬಳಿಕ ಪ್ರತಿಯೊಬ್ಬರಿಗೂ ತಪ್ಪದೆ ಹೇಳುವ ಮಾತುಗಳಿವೆ: "ಆಗ ಅಲ್ಲಿದ್ದವರು ನೀವು, ನಾನಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ನಾನು ತಪ್ಪಾಗಿ ಅರ್ಥ ಮಾಡಿಕೊಂಡರೆ ಅಲ್ಲಿಯೇ ತಿದ್ದಿ." ಪೊಲೀಸರ ಎದುರು ಕುಳಿತವರಿಗೆ ಉತ್ತರ ಕೊಡಲೇಬೇಕು ಎಂಬ ಒತ್ತಡ ಇದ್ದೇ ಇರುತ್ತದೆ. ಗೊತ್ತಿಲ್ಲದ್ದನ್ನೂ ಊಹಿಸಿ ಹೇಳುತ್ತಾರೆ. ಊಹಿಸುವುದು ಬೇಡ ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಆ ಒತ್ತಡ ಇಳಿಯುತ್ತದೆ.

ಮೊದಲ ಪ್ರಶ್ನೆ ಒಂದೇ: "ಏನಾಯಿತು ಎಂಬುದನ್ನು ನಿಮಗೆ ನೆನಪಿರುವಂತೆ ಮೊದಲಿನಿಂದ ಹೇಳಿ." ಆಮೇಲೆ ಸುಮ್ಮನಿರುತ್ತೇನೆ. ಈ ಸುಮ್ಮನಿರುವುದೇ ಕಷ್ಟದ ಭಾಗ. ಮನೋವಿಜ್ಞಾನಿಗಳಾದ ರೊನಾಲ್ಡ್ ಫಿಶರ್, ಎಡ್ವರ್ಡ್ ಗೈಸೆಲ್ಮನ್ ಮತ್ತು ಅವರ ಸಹೋದ್ಯೋಗಿ 1987ರಲ್ಲಿ ಅಮೆರಿಕದ ಪೊಲೀಸರು ಸಾಕ್ಷಿಗಳನ್ನು ಮಾತನಾಡಿಸಿದ ಧ್ವನಿಮುದ್ರಣಗಳನ್ನು ಅಧ್ಯಯನ ಮಾಡಿದಾಗ, ಸಾಕ್ಷಿ ವಿವರಿಸಲು ತೊಡಗಿದ ಸರಾಸರಿ 7.5 ಸೆಕೆಂಡಿನೊಳಗೆ ಅಧಿಕಾರಿ ಮಧ್ಯೆ ಬಾಯಿ ಹಾಕಿದ್ದು ಕಂಡುಬಂತು. ಅಷ್ಟು ಹೊತ್ತಿನಲ್ಲಿ ಒಬ್ಬರು ಉಸಿರು ಎಳೆದುಕೊಂಡು ಎರಡು ವಾಕ್ಯ ಹೇಳಬಹುದು. ಎರಡು ಮೂರು ಬಾರಿ ಹಾಗೆ ತಡೆದರೆ ಸಾಕ್ಷಿಗೆ ಒಂದು ಪಾಠ ಸಿಕ್ಕಿಬಿಡುತ್ತದೆ: ಇಲ್ಲಿ ಚುಟುಕಾಗಿ ಉತ್ತರಿಸಬೇಕು, ಕೇಳಿದಷ್ಟೇ ಹೇಳಬೇಕು. ಆಮೇಲೆ ಎಷ್ಟು ಗೋಗರೆದರೂ ಅವರು ತಾವಾಗಿ ಏನನ್ನೂ ಹೇಳುವುದಿಲ್ಲ.

ಕಳ್ಳತನದ ಪ್ರಕರಣವೊಂದರಲ್ಲಿ ಮನೆಯ ಹಿರಿಯರು ತೀರಿಹೋದ ತಮ್ಮ ಪತ್ನಿಯ ಪೆಟ್ಟಿಗೆಯ ಬಗ್ಗೆಯೇ ಮತ್ತೆ ಮತ್ತೆ ಹೇಳುತ್ತಿದ್ದರು. ಅದು ಯಾವಾಗ ಕೊಂಡದ್ದು, ಅದನ್ನು ಆಕೆ ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದರು, ಹೀಗೆ. ಜೊತೆಗಿದ್ದ ಮಗ "ಅಪ್ಪ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ" ಎಂದು ಅವಸರಪಡಿಸಿದ. ನಾನು ಮಗನನ್ನು ಹೊರಗೆ ಕೂರಲು ವಿನಂತಿಸಿ, ಹಿರಿಯರಿಗೆ ಮುಂದುವರಿಸಿ ಎಂದೆ. ಆ ಪೆಟ್ಟಿಗೆಯ ಕಥೆಯ ನಡುವೆಯೇ, ಕೆಲವು ವಾರಗಳ ಹಿಂದೆ ರಿಪೇರಿಗೆಂದು ಬಂದಿದ್ದವನೊಬ್ಬ ಅದನ್ನು ಮುಟ್ಟಿ ನೋಡಿ, ಒಳಗೆ ಏನಿದೆ ಎಂದು ವಿಚಾರಿಸಿದ್ದ ಸಂಗತಿ ಬಂತು. ಯಾರ ಮೇಲಾದರೂ ಅನುಮಾನವಿದೆಯೇ ಎಂದು ಮೊದಲು ಕೇಳಿದ್ದಾಗ ಇಲ್ಲ ಎಂದಿದ್ದರು. ಅದು ಸುಳ್ಳಲ್ಲ; ಅವರಿಗೆ ಆ ಮನುಷ್ಯನ ಮೇಲೆ ಅನುಮಾನ ಇರಲೇ ಇಲ್ಲ. ಪ್ರಕರಣಕ್ಕೆ ಸಂಬಂಧವಿಲ್ಲದ ಮಾತು ಯಾವುದು ಎಂದು ನಾವು ಮೊದಲೇ ತೀರ್ಮಾನಿಸುವುದು ಎಷ್ಟು ಸರಿ ಎಂದು ಹೊಸಬರಿಗೆ ಈ ಪ್ರಸಂಗವನ್ನು ಹೇಳಿಯೇ ಕೇಳುತ್ತೇನೆ.

ನೆನಪು ಮಸುಕಾಗಿದೆ ಎನ್ನುವವರಿಗೆ ಫಿಶರ್ ಮತ್ತು ಗೈಸೆಲ್ಮನ್ 1980ರ ದಶಕದಲ್ಲಿ ರೂಪಿಸಿದ 'ಕಾಗ್ನಿಟಿವ್ ಇಂಟರ್‌ವ್ಯೂ' ವಿಧಾನವನ್ನು ಬಳಸುತ್ತೇನೆ. ಮೊದಲು ಆ ಜಾಗಕ್ಕೆ ಮನಸ್ಸಿನಲ್ಲೇ ಮರಳಲು ಹೇಳುತ್ತೇನೆ: ಬೆಳಕು ಹೇಗಿತ್ತು, ಯಾವ ಸದ್ದು ಕೇಳುತ್ತಿತ್ತು, ಆಗ ಮನಸ್ಸಿನಲ್ಲಿ ಏನಿತ್ತು. ಬಳಿಕ, ಕ್ಷುಲ್ಲಕ ಅನ್ನಿಸಿದರೂ ಬಿಡದೆ ಎಲ್ಲವನ್ನೂ ಹೇಳಲು ಕೋರುತ್ತೇನೆ. ಅಗತ್ಯವಿದ್ದರೆ ಕೊನೆಯಿಂದ ಹಿಂದಕ್ಕೆ ಹೇಳಿಸುತ್ತೇನೆ. ಇನ್ನೊಬ್ಬರು ನಿಂತಿದ್ದ ಜಾಗದಿಂದ ಹೇಗೆ ಕಂಡಿರಬಹುದು ಎಂದು ಕೇಳುವ ನಾಲ್ಕನೆಯ ಹಂತವೂ ಆ ವಿಧಾನದಲ್ಲಿದೆ. ಅದು ಊಹೆಗೆ ದಾರಿ ಮಾಡಿಕೊಡುತ್ತದೆ ಎಂಬ ಅಳುಕಿನಿಂದ ನಾನು ಅದನ್ನು ಬಳಸುವುದಿಲ್ಲ. ಇದಕ್ಕೆಲ್ಲ ಸಮಯ ಬೇಕು. ಸಮಯವಿಲ್ಲ ಎನ್ನುವವರು, ಅದೇ ಸಾಕ್ಷಿಯನ್ನು ಮತ್ತೆ ಮತ್ತೆ ಕರೆಸಲು ಆಗುವ ಸಮಯವನ್ನೂ ಲೆಕ್ಕ ಹಾಕಲಿ.

ಆಘಾತಕ್ಕೊಳಗಾದವರು ಘಟನೆಯನ್ನು ಕ್ರಮವಾಗಿ ಹೇಳಲಾರರು. ನಡುವಿನದು ಮೊದಲು ಬರುತ್ತದೆ. ಚಿಕ್ಕ ವಿವರ ಸ್ಪಷ್ಟವಾಗಿದ್ದು ದೊಡ್ಡದು ಮರೆತಿರುತ್ತದೆ. ಇದನ್ನು ಸುಳ್ಳಿನ ಗುರುತೆಂದು ಭಾವಿಸಿ ಗದರಿಸುವುದು ಅನ್ಯಾಯ. ಕ್ರಮವನ್ನು ಆಮೇಲೆ ಜೋಡಿಸಿಕೊಳ್ಳಬಹುದು.

ಪ್ರಶ್ನೆಯ ಪದಗಳ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. 1974ರಲ್ಲಿ ನೆನಪಿನ ಬಗ್ಗೆ ಸಂಶೋಧನೆ ನಡೆಸಿದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಾಹನ ಅಪಘಾತದ ದೃಶ್ಯಗಳನ್ನು ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ಕಾರುಗಳು 'ಅಪ್ಪಳಿಸಿದಾಗ' ಎಂಬರ್ಥದ ಪದ ಬಳಸಿ ಕೇಳಿದಾಗ ಬಂದ ಸರಾಸರಿ ಉತ್ತರ ಗಂಟೆಗೆ 40.5 ಮೈಲಿ, 'ತಾಗಿದಾಗ' ಎಂಬರ್ಥದ ಪದಕ್ಕೆ 31.8 ಮೈಲಿ. ಮುಂದಿನ ಪ್ರಯೋಗದಲ್ಲಿ ಒಂದು ವಾರದ ನಂತರ ಒಡೆದ ಗಾಜು ನೋಡಿದಿರಾ ಎಂದು ಕೇಳಿದಾಗ, 'ಅಪ್ಪಳಿಸಿದ' ಎಂಬ ಪದ ಕೇಳಿದ್ದ 50 ಮಂದಿಯಲ್ಲಿ 16 ಮಂದಿ ಹೌದು ಎಂದರು. ದೃಶ್ಯದಲ್ಲಿ ಒಡೆದ ಗಾಜು ಇರಲೇ ಇಲ್ಲ. ಪ್ರಶ್ನೆಯ ಒಂದೇ ಪದ ಅಷ್ಟು ಮಾಡಬಲ್ಲದು. ಅದಕ್ಕಾಗಿ "ಅವನ ಕೈಯಲ್ಲಿ ಚಾಕು ಇತ್ತಲ್ಲವೇ?" ಎಂಬಂಥ ಪ್ರಶ್ನೆಗೆ ನನ್ನ ಕೋಣೆಯಲ್ಲಿ ಜಾಗವಿಲ್ಲ. "ಅವನ ಕೈಗಳ ಬಗ್ಗೆ ಏನು ನೆನಪಿದೆ?" ಎನ್ನುತ್ತೇನೆ. ಹೌದು ಅಥವಾ ಅಲ್ಲ ಎನ್ನಬಹುದಾದ ಪ್ರಶ್ನೆಗಳಿಗೆ ಸರದಿ ಬರುವುದು ಕಟ್ಟಕಡೆಗೆ. ಮಕ್ಕಳ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ಒಂದೇ ಪ್ರಶ್ನೆಯನ್ನು ಎರಡನೆಯ ಬಾರಿ ಕೇಳಿದರೆ, ಮೊದಲು ಹೇಳಿದ್ದು ತಪ್ಪಿರಬೇಕು ಎಂದುಕೊಂಡು ಮಗು ಉತ್ತರ ಬದಲಿಸಬಹುದು.

ಆರೋಪಿಯೊಂದಿಗೂ ಇದೇ ರೀತಿ ಮಾತನಾಡುತ್ತೇನೆ, ಬಹುವಚನದಲ್ಲಿಯೇ. ಇದರಿಂದ ಅಪರಾಧಿಗಳು ಸಲೀಸಾಗಿ ತಪ್ಪಿಸಿಕೊಳ್ಳುತ್ತಾರೆ ಎಂಬ ಆಕ್ಷೇಪಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. ಬ್ರಿಟನ್ನಿನಲ್ಲಿ 1974ರ ಗಿಲ್ಡ್‌ಫರ್ಡ್ ಮತ್ತು ಬರ್ಮಿಂಗ್‌ಹ್ಯಾಮ್ ಬಾಂಬ್ ಸ್ಫೋಟಗಳ ಪ್ರಕರಣಗಳಲ್ಲಿ ಬಲವಂತದ ತಪ್ಪೊಪ್ಪಿಗೆಗಳ ಆಧಾರದಲ್ಲಿ ಶಿಕ್ಷೆಗೊಳಗಾದವರು 1989 ಮತ್ತು 1991ರಲ್ಲಿ ಬಿಡುಗಡೆಯಾದರು. ಅಷ್ಟೂ ವರ್ಷ ನಿರಪರಾಧಿಗಳು ಒಳಗಿದ್ದರು, ಬಾಂಬ್ ಇಟ್ಟವರಿಗೆ ಆ ಸ್ಫೋಟಗಳಿಗಾಗಿ ಶಿಕ್ಷೆಯಾಗಲಿಲ್ಲ. ಅಂಥ ಪ್ರಕರಣಗಳ ಬಳಿಕ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರು 1990ರ ದಶಕದ ಆರಂಭದಲ್ಲಿ 'ಪೀಸ್' ಎಂಬ ಮಾದರಿಗೆ ಬಂದರು: ಸಿದ್ಧತೆ, ಪರಿಚಯ ಮತ್ತು ವಿವರಣೆ, ಹೇಳಿಕೆ, ಮುಕ್ತಾಯ, ಪರಾಮರ್ಶೆ. ಅದರಲ್ಲಿ ತಪ್ಪೊಪ್ಪಿಸುವುದು ಗುರಿಯಲ್ಲ, ಮಾಹಿತಿ ಪಡೆಯುವುದು ಗುರಿ. ಆರೋಪಿ ತನ್ನ ಕಥೆಯನ್ನು ಪೂರ್ತಿ ಹೇಳಲಿ. ಸಮಯ, ಜಾಗ, ಜೊತೆಗಿದ್ದವರ ವಿವರ ಕೊಡಲಿ. ನನ್ನಲ್ಲಿರುವ ಸಾಕ್ಷ್ಯದೊಂದಿಗೆ ಎಲ್ಲಿ ಹೊಂದುವುದಿಲ್ಲವೋ ಅದನ್ನು ಆಮೇಲೆ ಮುಂದಿಟ್ಟು ವಿವರಣೆ ಕೇಳುತ್ತೇನೆ.

ಕಣ್ಣು ತಪ್ಪಿಸಿದ, ಬೆವರಿದ, ತಡವರಿಸಿದ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಳ್ಳನ್ನೂ ನಿಜವನ್ನೂ ನಡವಳಿಕೆ ನೋಡಿ ಬೇರ್ಪಡಿಸುವುದರಲ್ಲಿ ಮನುಷ್ಯರು ಸರಾಸರಿ ಶೇ. 54ರಷ್ಟು ಮಾತ್ರ ಸರಿಯಾಗಿರುತ್ತಾರೆ ಎಂದು ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆ ತೋರಿಸಿತು. ನಾಣ್ಯ ಚಿಮ್ಮುವುದಕ್ಕೂ ಇದಕ್ಕೂ ಅಂತರ ಅಷ್ಟಿಷ್ಟೇ. ಠಾಣೆಯಲ್ಲಿ ಬೆವರಲು ಅಪರಾಧ ಮಾಡಿರಲೇಬೇಕು ಎಂದಿಲ್ಲ.

ಹಕ್ಕುಗಳನ್ನು ಓದಿ ಹೇಳಿದ ಮೇಲೆ "ಅರ್ಥವಾಯಿತೇ?" ಎಂದು ಕೇಳುವುದರಿಂದ ಏನೂ ಪ್ರಯೋಜನವಿಲ್ಲ, ಎಲ್ಲರೂ ಹೌದು ಎನ್ನುತ್ತಾರೆ. "ನಾನು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ನೋಡೋಣ" ಎನ್ನುತ್ತೇನೆ. ಆಗ ಅರ್ಥವಾಗದ್ದು ತಾನಾಗಿ ಹೊರಬರುತ್ತದೆ. ಭಾಷೆ ಬಾರದವರಿಗೆ ಅನುವಾದಕರನ್ನೇ ಕರೆಸಬೇಕು. ಮನೆಯವರಿಂದ ಅನುವಾದ ಮಾಡಿಸಿದರೆ, ಅವರು ಬಿಟ್ಟದ್ದೇನು ಸೇರಿಸಿದ್ದೇನು ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಬರವಣಿಗೆಯಲ್ಲಿ ನನ್ನ ನಿಯಮ ಸರಳ: ಕಂಡದ್ದನ್ನು ಬರೆ, ತೀರ್ಪನ್ನು ಬರೆಯಬೇಡ. 'ಉದ್ರಿಕ್ತನಾಗಿದ್ದನು' ಎಂಬುದರ ಬದಲು 'ಮೇಜನ್ನು ಎರಡು ಬಾರಿ ಗುದ್ದಿ ಎದ್ದು ನಿಂತನು' ಎಂದು ಬರೆದರೆ, ವರ್ಷಗಳ ನಂತರ ಪಾಟೀಸವಾಲಿನಲ್ಲಿ ವಕೀಲರು ಎಷ್ಟು ಕೆದಕಿದರೂ ಆ ವಾಕ್ಯ ಅಲುಗಾಡುವುದಿಲ್ಲ. ಸಾಕ್ಷಿ 'ಸಂಜೆ, ದೀಪ ಹಚ್ಚಿದ ಮೇಲೆ' ಎಂದರೆ ಅದನ್ನೇ ಬರೆಯಬೇಕು. 'ಸುಮಾರು 7 ಗಂಟೆಗೆ' ಎಂದು ನಾವೇ ತಿದ್ದಿದರೆ ಆ 7 ಗಂಟೆಯನ್ನು ನ್ಯಾಯಾಲಯದಲ್ಲಿ ಸಮರ್ಥಿಸಬೇಕಾದವರು ಪಾಪ ಆ ಸಾಕ್ಷಿ. ಕಚೇರಿಯ ಸಿದ್ಧ ವಾಕ್ಯಗಳಲ್ಲಿ ಬರೆದ ಹೇಳಿಕೆಗಳು ಬೇಗ ಸಿಕ್ಕಿಬೀಳುತ್ತವೆ. ಓದುಬರಹ ಹೆಚ್ಚು ಬಾರದ ಇಬ್ಬರು ಸಾಕ್ಷಿಗಳು ಒಂದೇ ಬಗೆಯ ಗ್ರಾಂಥಿಕ ವಾಕ್ಯವನ್ನು ಹೇಳಿದ್ದರೆಂದರೆ ಯಾವ ನ್ಯಾಯಾಧೀಶರು ನಂಬುತ್ತಾರೆ? ಬರೆದದ್ದನ್ನು ನಿಧಾನವಾಗಿ ಓದಿ ಹೇಳುತ್ತೇನೆ. ತಿದ್ದುಪಡಿ ಹೇಳಿದರೆ ಸಂತೋಷದಿಂದ ತಿದ್ದುತ್ತೇನೆ.

ಕೊನೆಗೆ, ದೂರುದಾರರಿಗೆ ಮುಂದೇನು ಎಂದು ತಿಳಿಸದೆ ಕಳುಹಿಸುವುದಿಲ್ಲ. ಯಾರನ್ನು ಸಂಪರ್ಕಿಸಬೇಕು, ಮತ್ತೆ ಯಾವಾಗ ಸುದ್ದಿ ಸಿಗುತ್ತದೆ ಎಂದು ಹೇಳಿ, ಆ ದಿನ ತಪ್ಪದೆ ಕರೆ ಮಾಡುತ್ತೇನೆ. ಹೇಳಲು ಹೊಸದೇನೂ ಇಲ್ಲದಿದ್ದರೆ ಹೊಸದೇನೂ ಇಲ್ಲ ಎಂದೇ ಹೇಳುತ್ತೇನೆ. ತಿಂಗಳುಗಟ್ಟಲೆ ಮೌನವಾಗಿದ್ದು, ವಿಚಾರಣೆಯ ದಿನ ಮಾತ್ರ ಸಮನ್ಸ್ ಕಳುಹಿಸಿ ಬನ್ನಿ ಎಂದರೆ ಅವರು ಯಾವ ನಂಬಿಕೆಯಿಂದ ಬರಬೇಕು?