ಉಪ್ಪಿನಕಾಯಿ ಬ್ರೆಡ್ಡು: ಜಾಡಿ ಬಗ್ಗಿಸಬೇಡಿ

ಕಳೆದ ತಿಂಗಳು ನನ್ನ ನಾದಿನಿ ಜಯನಗರದಿಂದ ಫೋನ್ ಮಾಡಿ, "ಅತ್ತಿಗೆ, ನೀವು ಹೇಳಿದ ಹಾಗೇ ಮಾಡಿದೆ, ಬ್ರೆಡ್ಡು ಇಟ್ಟಿಗೆ ಆಗಿದೆ, ಅದೂ ಉಪ್ಪುಪ್ಪು ಇಟ್ಟಿಗೆ" ಅಂದಳು. ವಿಚಾರಿಸಿದರೆ, ಜಾಡಿಯನ್ನೇ ಹಿಟ್ಟಿನ ಮೇಲೆ ಬಗ್ಗಿಸಿದ್ದಾಳೆ. ಎಣ್ಣೆ, ರಸ, ಮಸಾಲೆ ಎಲ್ಲಾ ಸಮೇತ. ಈ ವರ್ಷ ಇದೇ ತಪ್ಪನ್ನು ಮೂರು ಅಡುಗೆಮನೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಯೀಸ್ಟ್ ಇಲ್ಲದ ಬ್ರೆಡ್. ನಾದುವುದಿಲ್ಲ, ಉಬ್ಬಲಿ ಎಂದು ಕಾಯುವುದಿಲ್ಲ. ಹೊರದೇಶದಲ್ಲಿ ಸೌತೆಮಿಡಿ ಉಪ್ಪಿನಕಾಯಿಗೆ ಸಬ್ಬಸಿಗೆ ಸೊಪ್ಪು ಜೊತೆ ಮಾಡಿ ಬೇಯಿಸುತ್ತಾರೆ. ನಮ್ಮ ಅಯ್ಯಂಗಾರ್ ಬೇಕರಿ ಖಾರಾ ಬನ್ನಿಗೂ ಸಬ್ಬಸಿಗೆ ಬೀಳುತ್ತದಲ್ಲ, ಹಾಗಾಗಿ ರುಚಿ ನಮಗೇನೂ ಹೊಸದಲ್ಲ. ನಾನು ಹಾಕುವುದು ಮಾವಿನಕಾಯಿ.

ಬೇಕಾದ್ದು: ಮೈದಾ 200 ಗ್ರಾಂ, ಗೋಧಿ ಹಿಟ್ಟು 50 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಸಕ್ಕರೆ 2 ಟೀ ಚಮಚ, ಮೊಸರು 200 ಮಿ.ಲೀ., ಎಣ್ಣೆ 60 ಮಿ.ಲೀ., ಒಂದು ಮೊಟ್ಟೆ (ಬೇಡದವರು ಇನ್ನೂ ಮೂರು ದೊಡ್ಡ ಚಮಚ ಮೊಸರು), ಒಂದು ಈರುಳ್ಳಿ, ಒಂದು ಹಿಡಿ ಸಬ್ಬಸಿಗೆ. ಉಪ್ಪಿನಕಾಯಿ ಹೋಳು 60 ಗ್ರಾಂ. ಉಪ್ಪು ಬರೆಯಲು ಮರೆತಿಲ್ಲ. ಹಾಕಲೇಬಾರದು.

1. ಉಪ್ಪಿನಕಾಯಿ ಸಿದ್ಧ ಮಾಡುವುದು. ಕೆಡುವುದೆಲ್ಲ ಇಲ್ಲೇ. ಒಣ ಚಮಚದಲ್ಲಿ ಹೋಳುಗಳನ್ನಷ್ಟೇ ಎತ್ತಿ ಜರಡಿಗೆ ಹಾಕಿ, ಕೆಳಗೆ ಬಟ್ಟಲಿಟ್ಟು ಅರ್ಧ ಗಂಟೆ ಬಿಡಿ. ಸುಮ್ನೆ ಬಿಡಿ, ಒತ್ತಬೇಡಿ. ಆಮೇಲೆ ಹೋಳಿಗೆ ಮೆತ್ತಿದ ಮಸಾಲೆಯನ್ನು ಚಾಕುವಿನ ಬೆನ್ನಿನಿಂದ ಕೆರೆದು, ಓಟೆ ಇದ್ದರೆ ತೆಗೆದು, ಕಡಲೆಬೇಳೆ ಗಾತ್ರಕ್ಕೆ ಹೆಚ್ಚಿ. ದೊಡ್ಡ ತುಂಡಾದರೆ ಭಾರಕ್ಕೆ ತಳ ಸೇರುತ್ತದೆ, ಮಿಕ್ಸಿಗೆ ಹಾಕಿದರೆ ಚಟ್ನಿಯಾಗಿ ಇಡೀ ಬ್ರೆಡ್ಡೇ ಒದ್ದೆ. ಹೆಚ್ಚಿದ ಮೇಲೆಯೇ ತೂಗಿ. ಉಪ್ಪಿನಕಾಯಿಯ ತೂಕದಲ್ಲಿ ಹತ್ತರಲ್ಲೊಂದು ಭಾಗ ಉಪ್ಪೇ ಇರುವುದು ಸಾಮಾನ್ಯ. ಅಂದರೆ 60 ಗ್ರಾಂನಲ್ಲಿ ಸುಮಾರು ಒಂದು ಟೀ ಚಮಚ ಉಪ್ಪು, ಇಷ್ಟು ಹಿಟ್ಟಿಗೆ ಅದು ಸಾಕು. ಅನುಮಾನ ಇದ್ದರೆ ಚಿಟಿಕೆಯಷ್ಟು ಹೋಳನ್ನು ಒಂದು ಚಮಚ ಮೊಸರಿಗೆ ಕಲಸಿ ನೆಕ್ಕಿ ನೋಡಿ. ಮುಖ ಕಿವುಚಿದರೆ ಹೋಳನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಒತ್ತಿ ಒರೆಸಿ. ಬಟ್ಟಲಿಗೆ ಇಳಿದ ಎಣ್ಣೆಯಲ್ಲಿ ಒಂದು ದೊಡ್ಡ ಚಮಚದಷ್ಟನ್ನು 60 ಮಿ.ಲೀ. ಲೆಕ್ಕದೊಳಗೇ ಸೇರಿಸಿಕೊಳ್ಳಿ, ಘಮ ಇರುವುದು ಅದರಲ್ಲೇ.

ಯಾವ ಉಪ್ಪಿನಕಾಯಿ? ನಿಂಬೆಯಾದರೆ ವರ್ಷ ಹಳೆಯದು, ಹೊಸದರ ಸಿಪ್ಪೆ ಕಹಿ. ಅಪ್ಪೆಮಿಡಿಯನ್ನು ಬ್ರೆಡ್ಡಿಗೆ ಹಾಕುವುದು ನನ್ನ ಮಟ್ಟಿಗೆ ಪಾಪ, ಅದು ಮೊಸರನ್ನಕ್ಕೆ ಹುಟ್ಟಿದ್ದು. ಮಾಗಳಿ ಬೇರು ಅಂತೂ ಬೇಡವೇ ಬೇಡ, ಓವನ್ನಿಗೆಲ್ಲ ತಿಗಣೆ ವಾಸನೆ ಹಿಡಿಯುತ್ತದೆ. ಅಂಗಡಿಯದಾದರೆ ಬಾಟಲಿ ತಿರುಗಿಸಿ ನೋಡಿ, ಹೋಳೇ ಕಾಣದೆ ಬರೀ ಕೆಂಪು ಗೊಜ್ಜು ಕಂಡರೆ ವಾಪಸ್ ಇಡಿ.

2. ಒಣ ಸಾಮಾನುಗಳನ್ನು ಒಟ್ಟಿಗೆ ಜರಡಿ ಹಿಡಿಯಿರಿ. ಸೋಡಾ ಕೈಯಳತೆಯಲ್ಲಿ ಸುರಿಯಬೇಡಿ. ಉಪ್ಪಿನಕಾಯಿಯಲ್ಲಿ ಅರಿಶಿನ ಇದೆ, ಸೋಡಾ ಜಾಸ್ತಿಯಾದರೆ ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಸೇರಿ ಕೆಂಪಾಗುತ್ತದಲ್ಲ, ಹಾಗೇ ಬ್ರೆಡ್ಡಿನಲ್ಲೂ ಕೆಂಪು ಕಲೆ ಬೀಳುತ್ತದೆ, ಸೋಪಿನ ರುಚಿ ಬೇರೆ. ಬೇಕಿಂಗ್ ಪೌಡರ್ ಡಬ್ಬಿ ಯಾವ ಕಾಲದ್ದೋ ಆಗಿದ್ದರೆ ಅರ್ಧ ಚಮಚ ಬಿಸಿನೀರಿಗೆ ಹಾಕಿ. ಬುಸುಗುಟ್ಟದಿದ್ದರೆ ಎಸೆಯಿರಿ. ಅದರ ಬದಲು ಈನೋ ಹಾಕಲಾ ಎಂದು ಕೇಳುವವರಿದ್ದಾರೆ. ನನಗದು ಇಷ್ಟವಿಲ್ಲ, ನೀರು ತಾಗಿದ ಕೂಡಲೇ ಉಕ್ಕುತ್ತದೆ, ಓವನ್ ಮುಟ್ಟುವ ಹೊತ್ತಿಗೆ ಅರ್ಧ ಶಕ್ತಿ ಖಾಲಿ.

3. ಈರುಳ್ಳಿಯನ್ನು ಸ್ವಲ್ಪ ಬಾಡಿಸಿ ಆರಿಸಿ.

4. ಓವನ್ನನ್ನು 180 ಡಿಗ್ರಿಗೆ ಹಚ್ಚಿ, ಟಿನ್ನಿಗೆ ಎಣ್ಣೆ ಸವರಿ. ಇದು ಆದ ಮೇಲೆಯೇ ಕಲಸುವುದು. ಮೊಸರು, ಮೊಟ್ಟೆ, ಎಣ್ಣೆಯನ್ನು ಬೇರೆ ಪಾತ್ರೆಯಲ್ಲಿ ಕಡೆದುಕೊಳ್ಳಿ. ಹೋಳು, ಸೊಪ್ಪು, ಈರುಳ್ಳಿಯನ್ನು ಒಣ ಹಿಟ್ಟಿನಲ್ಲೇ ಹೊರಳಿಸಿದರೆ ಅವು ತಳ ಸೇರುವುದಿಲ್ಲ. ಈಗ ಮೊಸರಿನ ಮಿಶ್ರಣ ಸುರಿದು, ಮರದ ಸೌಟಿನಲ್ಲಿ ಕೆಳಗಿಂದ ಮೇಲಕ್ಕೆ ಹದಿನೈದು ಸಲ ತಿರುವಿ, ನಿಲ್ಲಿಸಿ. ಗಂಟು ಇರುತ್ತದೆ, ಇರಲಿ. ಗೋಳಿಬಜೆ ಹಿಟ್ಟಿನಷ್ಟು ಗಟ್ಟಿ ಇರಬೇಕು, ಆದರೆ ಅದನ್ನು ಬಡಿದ ಹಾಗೆ ಇದನ್ನು ಬಡಿದರೆ ಮೈದಾ ಜಿಗುಟಾಗಿ ನಾದಿನಿಯ ಇಟ್ಟಿಗೆ ನಿಮಗೂ ಸಿಗುತ್ತದೆ. ತೀರಾ ಗಟ್ಟಿ ಅನಿಸಿದರೆ ಎರಡು ಚಮಚ ಹಾಲು. ಇಡ್ಲಿ ಹಿಟ್ಟಿನ ಅಭ್ಯಾಸದಲ್ಲಿ ಮುಚ್ಚಿಟ್ಟು ಸ್ನಾನಕ್ಕೆ ಹೋಗಬೇಡಿ. ಹುಳಿಯೂ ಸೋಡಾವೂ ಸೇರಿದ ಕ್ಷಣದಿಂದಲೇ ಗಾಳಿ ಹುಟ್ಟಿ ಹೊರಗೆ ಹೋಗುತ್ತಿರುತ್ತದೆ, ಅದು ಟಿನ್ನಿನೊಳಗೆ ಆಗಲಿ.

5. 45 ನಿಮಿಷ ಬೇಯಿಸಿ. ಮೊದಲ ಅರ್ಧ ಗಂಟೆ ಬಾಗಿಲು ತೆಗೆಯಬೇಡಿ. ಮೇಲೆ ಬೇಗ ಕೆಂಪಾದರೆ ಆಮೇಲೆ ಫಾಯಿಲ್ ಮುಚ್ಚಿ. ಕಡ್ಡಿ ಚುಚ್ಚಿದಾಗ ಉಪ್ಪಿನಕಾಯಿಗೇ ತಾಗಿ ಒದ್ದೆ ಬಂದರೆ ಗಾಬರಿ ಬೇಡ, ಇನ್ನೊಂದು ಕಡೆ ಚುಚ್ಚಿ. ಅರ್ಧದಲ್ಲಿ ಕರೆಂಟು ಹೋದರೂ ಬಾಗಿಲು ಮುಚ್ಚೇ ಇರಲಿ. ಹತ್ತು ನಿಮಿಷದಲ್ಲಿ ಬಂದರೆ ಬದುಕಿಕೊಳ್ಳುತ್ತದೆ.

6. ಒಂದು ಗಂಟೆ ಆರದೆ ಕೊಯ್ಯಬೇಡಿ, ಒಳಗೆ ಮುದ್ದೆಯಾಗುತ್ತದೆ. ನಮ್ಮ ಮನೆಯಲ್ಲಿ ಯಾರೂ ಕಾಯುವುದಿಲ್ಲ, ಅದು ಬೇರೆ ಮಾತು. ನನಗೆ ಮಾರನೆಯ ದಿನದ್ದೇ ಇಷ್ಟ. ಕಾವಲಿಯ ಮೇಲೆ ಬೆಣ್ಣೆ ಹಾಕಿ ಎರಡೂ ಕಡೆ ಗರಿಗರಿ ಮಾಡಿಕೊಳ್ಳುತ್ತೇನೆ. ಉಳಿದದ್ದು ಫ್ರಿಜ್ಜಿಗೆ ಹೋಗಲಿ, ಈರುಳ್ಳಿ ಇರುವುದರಿಂದ ಹೊರಗಿಟ್ಟರೆ ಬೇಗ ಬೂಸ್ಟು ಹಿಡಿಯುತ್ತದೆ.