ಸಣ್ಣ ಎಕ್ಸ್‌ಕವೇಟರ್, ಸ್ಕಿಡ್ ಸ್ಟೀರ್ ಲೋಡರ್‌ಗಳ ಕೂಲಿಂಗ್ ಫ್ಯಾನ್: ತೊಂದರೆ ಹುಡುಕುವ ಕ್ರಮ

ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿದ ಕೂಡಲೇ ಎಲ್ಲರ ಅನುಮಾನ ಹೋಗುವುದು ಫ್ಯಾನ್ ಮೇಲೆ. ಹೊಸ ಫ್ಯಾನ್ ತಂದು ಹಾಕಿದ ಮಾರನೇ ದಿನ ಮುಳ್ಳು ಮತ್ತೆ ಅಲ್ಲಿಗೇ ಬಂದು ನಿಂತರೆ ಹಣವೂ ಹೋಯಿತು, ಒಂದು ದಿನದ ಕೆಲಸವೂ ಹೋಯಿತು. ಮಿನಿ ಎಕ್ಸ್‌ಕವೇಟರ್, ಸ್ಕಿಡ್ ಸ್ಟೀರ್, ಸಣ್ಣ ಟ್ರ್ಯಾಕ್ ಲೋಡರ್‌ಗಳಲ್ಲಿ ಎಂಜಿನ್, ಹೈಡ್ರಾಲಿಕ್ ಪಂಪ್, ರೇಡಿಯೇಟರ್, ಆಯಿಲ್ ಕೂಲರ್ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಒತ್ತಿ ಕೂರಿಸಿರುತ್ತಾರೆ. ಅಲ್ಲಿ ಒಂದು ಫೋಮ್ ಪಟ್ಟಿ ಕಿತ್ತುಹೋದರೂ ಚೆನ್ನಾಗಿರುವ ಫ್ಯಾನ್ ಕೆಟ್ಟಂತೆ ಕಾಣುತ್ತದೆ. ಆದ್ದರಿಂದ ಮೊದಲು ಗಾಳಿಯ ದಾರಿ ನೋಡಿ, ಆಮೇಲೆ ಫ್ಯಾನ್ ತಿರುಗುವ ವೇಗ, ಕೊನೆಗೆ ಫ್ಯಾನಿಗೆ ಆಜ್ಞೆ ಕೊಡುವ ಸೆನ್ಸರ್ ಮತ್ತು ವೈರಿಂಗ್. ಈ ಮೂರನ್ನೂ ನೋಡುವ ತನಕ ಬಿಡಿಭಾಗ ಕೊಳ್ಳಬೇಡಿ.

ಕೈ ಹಾಕುವ ಮುನ್ನ

ಯಂತ್ರವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕೆ ಇಳಿಸಿ, ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಲೋಡರಿನ ತೋಳನ್ನು ಎತ್ತಿಯೇ ಕೆಲಸ ಮಾಡಬೇಕಾಗಿದ್ದರೆ ಅದರ ಉಕ್ಕಿನ ಆಸರೆಯನ್ನು ಕೂರಿಸದೆ ಕೆಳಗೆ ತಲೆ ಹಾಕಬೇಡಿ. ಎಲೆಕ್ಟ್ರಿಕ್ ಫ್ಯಾನ್ ಇರುವ ಯಂತ್ರದಲ್ಲಿ ಬ್ಯಾಟರಿಯ ನೆಗೆಟಿವ್ ತಂತಿಯನ್ನೂ ಬಿಚ್ಚಿ. ಎಂಜಿನ್ ನಿಂತ ಮೇಲೂ ಕೆಲವು ಫ್ಯಾನ್‌ಗಳು ತಾವಾಗಿ ತಿರುಗಲು ಶುರುವಾಗುತ್ತವೆ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಿರುವಾಗ ಮುಟ್ಟಲೇಬೇಡಿ. 0.9 ಬಾರ್ ಒತ್ತಡದ ಮುಚ್ಚಳದ ಕೆಳಗೆ ಬರೀ ನೀರೂ ಸುಮಾರು 118 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರುತ್ತದೆ. ಮುಚ್ಚಳ ತೆರೆದ ಕ್ಷಣವೇ ಅದೆಲ್ಲ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೆ, ಬಟ್ಟೆ ಹಾಕಿ, ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ ಒತ್ತಡ ಬಿಟ್ಟು ಆಮೇಲೆ ತೆಗೆಯಿರಿ.

ಬಿಸಿ ಯಾವಾಗ ಏರುತ್ತದೆ?

ಪಾನೆ ಹಿಡಿಯುವ ಮೊದಲು ಆಪರೇಟರನ್ನು ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಭಾರದ ಕೆಲಸದಲ್ಲಿ ಮಾತ್ರ ನಿಧಾನವಾಗಿ ಏರಿ, ಐಡಲ್‌ಗೆ (ಭಾರವಿಲ್ಲದ ಕನಿಷ್ಠ ವೇಗಕ್ಕೆ) ತಂದಾಗ ಇಳಿದರೆ ಗಾಳಿ ಕಡಿಮೆಯಾಗಿದೆ ಅಥವಾ ಬೆಲ್ಟ್ ಜಾರುತ್ತಿದೆ. ಎಲೆಕ್ಟ್ರಿಕ್ ಫ್ಯಾನಿನ ಯಂತ್ರ ಸುಮ್ಮನೆ ನಿಂತಾಗಲೂ ಬಿಸಿಯಾದರೆ ಫ್ಯಾನ್ ಆನ್ ಆಗುತ್ತಲೇ ಇಲ್ಲ. ಇದ್ದಕ್ಕಿದ್ದಂತೆ ಮುಳ್ಳು ಹಾರಿ, ಜೊತೆಗೆ ಚಾರ್ಜಿಂಗ್ ದೀಪವೂ ಹೊತ್ತಿಕೊಂಡರೆ ಬೆಲ್ಟ್ ಕಡಿದಿದೆ. ಹಲವು ಸಣ್ಣ ಡೀಸೆಲ್ ಎಂಜಿನ್‌ಗಳಲ್ಲಿ ಫ್ಯಾನ್, ವಾಟರ್ ಪಂಪ್, ಆಲ್ಟರ್ನೇಟರ್ ಮೂರನ್ನೂ ತಿರುಗಿಸುವುದು ಒಂದೇ ಬೆಲ್ಟ್. ನೀರು ಸರಿಯಿದ್ದು ಹೈಡ್ರಾಲಿಕ್ ಎಣ್ಣೆ ಮಾತ್ರ ಕಾದರೆ ಆಯಿಲ್ ಕೂಲರ್ ಕಟ್ಟಿದೆ, ಇಲ್ಲವೇ ಯಾವುದೋ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದಾಗ ಎಣ್ಣೆ ಬಿಡುವ ಕವಾಟ) ಸದಾ ಸೋರುತ್ತಿದೆ. ಯಂತ್ರ ತಣ್ಣಗಿದ್ದಾಗಲೂ ಫ್ಯಾನ್ ಪೂರ್ತಿ ವೇಗದಲ್ಲಿ ಭೋರ್ಗರೆಯುತ್ತಿದ್ದರೆ ಸೆನ್ಸರ್ ಅಥವಾ ಅದರ ವೈರಿನ ಕಡೆ ನೋಡಿ.

ಗಾಳಿಯ ದಾರಿ

ಹೆಚ್ಚಿನ ದೂರುಗಳು ಮುಗಿಯುವುದು ಇಲ್ಲೇ. ಹೊರಗಿನಿಂದ ರೇಡಿಯೇಟರ್ ಸ್ವಚ್ಛವಾಗಿ ಕಂಡರೆ ನಂಬಬೇಡಿ. ಎಸಿ ಕಂಡೆನ್ಸರ್, ಆಯಿಲ್ ಕೂಲರ್, ರೇಡಿಯೇಟರ್ ಒಂದರ ಹಿಂದೊಂದು ನಿಂತಿರುವಾಗ ಕಸ ಸೇರಿಕೊಳ್ಳುವುದು ಅವುಗಳ ನಡುವಿನ ಸಂದಿಯಲ್ಲಿ. ಒಣಹುಲ್ಲು, ಎಲೆ, ಸಿಮೆಂಟ್ ಧೂಳು ಅಲ್ಲಿ ಕಂಬಳಿಯಂತೆ ಕೂತಿರುತ್ತವೆ. ಟಾರ್ಚನ್ನು ಒಂದು ಬದಿಯಿಂದ ಹಿಡಿದು ಇನ್ನೊಂದು ಬದಿಯಿಂದ ನೋಡಿ. ಬೆಳಕು ಕಾಣದ ಕಡೆ ಗಾಳಿಯೂ ಹೋಗುವುದಿಲ್ಲ. ಕೂಲರನ್ನು ಬಾಗಿಲಿನಂತೆ ತೆರೆಯುವ ಸೌಲಭ್ಯವಿದ್ದರೆ ಅದರ ಬೋಲ್ಟ್ ಬಿಚ್ಚಿ ತೆರೆದೇ ತೊಳೆಯಿರಿ. ಮುಚ್ಚಿದಂತೆಯೇ ನೀರು ಹೊಡೆದರೆ ಕಸ ಇನ್ನಷ್ಟು ಒಳಕ್ಕೆ ಇಳಿಯುತ್ತದೆ.

ಶುದ್ಧ ಮಾಡುವುದು ಗಾಳಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ. ಮೊದಲು ಒಣಗಾಳಿ, ಸುಮಾರು 2 ಬಾರ್, ನಳಿಕೆ ಒಂದಡಿ ದೂರ. ಧೂಳು ಒಣಗಿರುವಾಗಲೇ ನೀರು ಹಾಕಿದರೆ ಕೆಸರಾಗಿ ಫಿನ್‌ಗಳ (ರೇಡಿಯೇಟರಿನ ತೆಳು ತಗಡಿನ ಪಟ್ಟಿಗಳ) ನಡುವೆ ಗಟ್ಟಿಯಾಗುತ್ತದೆ. ಎಣ್ಣೆಯ ಪಸೆಯಿದ್ದರೆ ಡಿಗ್ರೀಸರ್ ಹಚ್ಚಿ ಹತ್ತು ನಿಮಿಷ ಬಿಟ್ಟು ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ಪ್ರೆಶರ್ ವಾಷರನ್ನು ಓರೆಯಾಗಿ ಹಿಡಿದರೆ ಫಿನ್‌ಗಳು ಮಡಚಿ ಮಲಗುತ್ತವೆ, ಆಮೇಲೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಬಾಗಿದ ಫಿನ್‌ಗಳನ್ನು ಫಿನ್ ಬಾಚಣಿಗೆಯಿಂದ ನೇರ ಮಾಡಿ. ಪಸೆ ಎಲ್ಲಿಂದ ಬಂತೆಂದು ಹುಡುಕದೆ ಕೆಲಸ ಮುಗಿಸಬೇಡಿ: ಸೋರುವ ಹೋಸ್ ಅಥವಾ ಫ್ಯಾನ್ ಮೋಟಾರಿನ ಸೀಲ್ ಹಾಗೇ ಉಳಿದರೆ ಧೂಳು ಮತ್ತೆ ಅಂಟಿ ಕೆಲವೇ ವಾರಗಳಲ್ಲಿ ಮೊದಲಿನ ಸ್ಥಿತಿ.

ಮುಂದೆ ಶ್ರೌಡ್ ನೋಡಿ. ಫ್ಯಾನನ್ನು ಸುತ್ತುವರಿದ ಈ ಚಿಪ್ಪು ಬಿರುಕು ಬಿಟ್ಟರೆ ಅಥವಾ ಕ್ಲಿಪ್ ಕಳಚಿದರೆ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯುವ ಬದಲು ಪಕ್ಕದ ಸಂದಿಯಿಂದ ಎಳೆಯುತ್ತದೆ. ಎಳೆಯುವ ಫ್ಯಾನಾದರೆ ರೆಕ್ಕೆಯ ಅಗಲದ ಸುಮಾರು ಮೂರನೇ ಎರಡು ಭಾಗ ಶ್ರೌಡಿನ ಒಳಗಿರಬೇಕು, ತುದಿಗೂ ಶ್ರೌಡಿಗೂ ನಡುವಿನ ಅಂತರ ಸುತ್ತಲೂ ಒಂದೇ ಸಮ ಇರಬೇಕು. ಒಂದು ಬದಿ ಮುಟ್ಟುವಂತಿದ್ದು ಇನ್ನೊಂದು ಬದಿ ಅಗಲವಾಗಿದ್ದರೆ ಎಂಜಿನ್ ಮೌಂಟಿನ ರಬ್ಬರ್ ಕುಸಿದಿರುತ್ತದೆ. ಫ್ಯಾನ್ ಶ್ರೌಡನ್ನು ತಿನ್ನುವುದು ಬಹಳ ಸಲ ಈ ಕಾರಣಕ್ಕೆ.

ರೇಡಿಯೇಟರ್ ಸುತ್ತಲಿನ ಫೋಮ್ ಪಟ್ಟಿಗಳನ್ನು ಅಲಂಕಾರವೆಂದು ತಿಳಿದು ಕಿತ್ತೆಸೆಯುವವರಿದ್ದಾರೆ. ಹೊರಹೋದ ಬಿಸಿಗಾಳಿ ಮತ್ತೆ ಒಳಕ್ಕೆ ಬಾರದಂತೆ ತಡೆಯುವುದು ಅವೇ. ಹಿಂದಿನ ಬಾಗಿಲು ತೆರೆದಿಟ್ಟು ಕೆಲಸ ಮಾಡಿದರೆ ತಂಪಾಗುತ್ತದೆ ಎಂಬುದೂ ತಪ್ಪು ಲೆಕ್ಕ. ಬಾಗಿಲು ಗಾಳಿಯ ಕೊಳವೆಯ ಒಂದು ಗೋಡೆ. ಅದು ತೆರೆದರೆ ಗಾಳಿ ಸುಲಭದ ದಾರಿ ಹಿಡಿದು ರೇಡಿಯೇಟರನ್ನು ಬಿಟ್ಟುಹೋಗುತ್ತದೆ. ಕೆಳಗಿನ ತಗಡಿನ ತಟ್ಟೆಯಲ್ಲಿ ತುಂಬಿದ ಎಲೆ, ಮಣ್ಣನ್ನೂ ತೆಗೆಯಿರಿ. ಅದು ಬೆಂಕಿಗೂ ಆಹಾರ.

ಗಾಳಿ ಯಾವ ಕಡೆಗೆ ಹರಿಯುತ್ತಿದೆ ಎಂದು ತಿಳಿಯಲು ಉದ್ದ ಕೋಲಿನ ತುದಿಗೆ ರಿಬ್ಬನ್ ಕಟ್ಟಿ ಜಾಲರಿಯ ಮುಂದೆ ಹಿಡಿಯಿರಿ, ಕೈ ಒಡ್ಡಬೇಡಿ. ಎಲೆಕ್ಟ್ರಿಕ್ ಮೋಟಾರಿನ ಎರಡು ವೈರ್ ಅದಲುಬದಲಾದರೆ ಫ್ಯಾನ್ ಹಿಮ್ಮುಖ ತಿರುಗುತ್ತದೆ. ರೆಕ್ಕೆಯನ್ನೇ ಹಿಂದುಮುಂದಾಗಿ ಕೂರಿಸಿದರೆ ಮಾತ್ರ ಹಿಡಿಯುವುದು ಕಷ್ಟ: ಗಾಳಿ ಅದೇ ದಿಕ್ಕಿಗೆ ಹೋಗುತ್ತದೆ, ಆದರೆ ಬಲವಿರುವುದಿಲ್ಲ. ರಿಪೇರಿ ಮಾಡಿಸಿದ ಮೇಲೆ ಶುರುವಾದ ತೊಂದರೆಯಾದರೆ ರೆಕ್ಕೆಯ ಬಾಗು ಯಾವ ಕಡೆಗಿದೆ ಎಂದು ಮೊದಲು ನೋಡಿ.

ಬೆಲ್ಟಿನಿಂದ ತಿರುಗುವ ಫ್ಯಾನ್

ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗದಲ್ಲಿ ಹೆಬ್ಬೆರಳಿನಿಂದ ಸುಮಾರು 10 ಕೆ.ಜಿ. ಭಾರದಷ್ಟು ಒತ್ತಿದಾಗ ಬೆಲ್ಟ್ 7ರಿಂದ 12 ಮಿ.ಮೀ. ಬಗ್ಗುವುದು ಸಾಮಾನ್ಯ ಅಳತೆ. ನಿಮ್ಮ ಎಂಜಿನಿನ ಕೈಪಿಡಿಯ ಸಂಖ್ಯೆಯೇ ಕೊನೆಯ ಮಾತು. ಸಡಿಲವಾದರೆ ಜಾರುತ್ತದೆ. ಅತಿ ಬಿಗಿಯಾದರೆ ವಾಟರ್ ಪಂಪಿನ ಬೇರಿಂಗ್ ಸವೆಯುತ್ತದೆ, ಮತ್ತು ಅದು ಬೆಲ್ಟಿಗಿಂತ ಎಷ್ಟೋ ದುಬಾರಿ ರಿಪೇರಿ.

ಬೆಲ್ಟಿನ ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರಿ ಜಾರಿ ಸುಟ್ಟಿದೆ, ಬಿಗಿ ಮಾಡಿ ಪ್ರಯೋಜನವಿಲ್ಲ, ಬದಲಿಸಿ. ವಿ ಬೆಲ್ಟ್ ಹಿಡಿತ ಪಡೆಯುವುದು ಪಕ್ಕಗಳಿಂದ. ಅದು ಪುಲ್ಲಿಯ ತಳ ಮುಟ್ಟುತ್ತಿದ್ದರೆ ಬೆಲ್ಟ್ ಅಥವಾ ಪುಲ್ಲಿ ಸವೆದಿದೆ. ಪುಲ್ಲಿಯ ತಳ ಕನ್ನಡಿಯಂತೆ ಮಿನುಗುತ್ತಿದ್ದರೆ ಇದೇ ಗುರುತು. ಕೀರಲು ಸದ್ದು ನಿಲ್ಲಿಸಲು ಸೋಪು, ಸ್ಪ್ರೇ ಹಾಕಬೇಡಿ. ಹೊಸ ಬೆಲ್ಟ್ ಮೊದಲ ದಿನದ ಕೆಲಸದಲ್ಲೇ ಸ್ವಲ್ಪ ಹಿಗ್ಗುತ್ತದೆ. ಸಂಜೆ ಮತ್ತೊಮ್ಮೆ ಅಳೆದು ಸರಿಮಾಡಿ.

ಬೆಲ್ಟ್ ಕಳಚಿದಾಗ ಫ್ಯಾನನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಆಟ (ಅಲುಗಾಟ) ಸಿಕ್ಕರೆ, ಅಥವಾ ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಕಲೆ ಇಳಿದಿದ್ದರೆ, ಪಂಪ್ ಮುಗಿದಿದೆ. ರೆಕ್ಕೆಗಳ ಬುಡದಲ್ಲಿ, ಹಬ್ಬಿಗೆ (ಫ್ಯಾನಿನ ನಡುಭಾಗಕ್ಕೆ) ಸೇರುವ ಕಡೆ, ಕೂದಲೆಳೆಯ ಬಿರುಕುಗಳನ್ನು ಹುಡುಕಿ. ತುದಿ ಮುರಿದ ಒಂದೇ ರೆಕ್ಕೆ ಸಾಕು, ತೂಕ ತಪ್ಪಿ ಬೇರಿಂಗನ್ನು ತಿಂದುಹಾಕುತ್ತದೆ. ಎದುರಿನ ರೆಕ್ಕೆಯನ್ನೂ ಕತ್ತರಿಸಿ ಸಮ ಮಾಡುವುದು, ಬೆಸುಗೆ ಹಾಕುವುದು ಬೇಡ. ಬಿರುಕು ಬಿಟ್ಟ ಫ್ಯಾನ್ ಪೂರ್ತಿ ವೇಗದಲ್ಲಿ ಒಡೆದರೆ ರೇಡಿಯೇಟರನ್ನು ಸೀಳಿಯೇ ನಿಲ್ಲುತ್ತದೆ.

ಕೆಲವು ಯಂತ್ರಗಳಲ್ಲಿ ಬೆಲ್ಟಿಗೂ ಫ್ಯಾನಿಗೂ ನಡುವೆ ಬಿಸಿಯಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿಯುವ, ಸಿಲಿಕೋನ್ ಎಣ್ಣೆಯ ವಿಸ್ಕಸ್ ಕ್ಲಚ್ ಇರುತ್ತದೆ. ಎಂಜಿನ್ ಬಿಸಿಯಿದ್ದು ನಿಂತಿರುವಾಗ ಫ್ಯಾನನ್ನು ಕೈಯಿಂದ ತಿರುಗಿಸಿದರೆ ಸ್ಪಷ್ಟ ತಡೆ ಸಿಗಬೇಕು. ಸಲೀಸಾಗಿ ಹಲವು ಸುತ್ತು ಹೋದರೆ, ಅಥವಾ ನಡುವಿನಿಂದ ಹೊರಕ್ಕೆ ಎಣ್ಣೆಯ ಗೀರು ಕಂಡರೆ ಕ್ಲಚ್ ಬದಲಿಸಿ. ಬೆಳಗ್ಗೆ ಮೊದಲ ಬಾರಿ ಶುರು ಮಾಡಿದಾಗ ಒಂದೆರಡು ನಿಮಿಷ ಜೋರು ಸದ್ದು ಬರುವುದು ಸಹಜ, ಅದು ದೋಷವಲ್ಲ.

ಎಲೆಕ್ಟ್ರಿಕ್ ಫ್ಯಾನ್

ಮೊದಲು ಫ್ಯೂಸ್. ಕಣ್ಣಿಗೆ ಚೆನ್ನಾಗಿ ಕಂಡರೆ ಸಾಲದು, ಮಲ್ಟಿಮೀಟರಿನಿಂದ ಎರಡೂ ಬದಿಯಲ್ಲಿ ವೋಲ್ಟೇಜ್ ಇದೆಯೇ ನೋಡಿ. ಆಮೇಲೆ ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ, ಅದೇ ರೇಟಿಂಗಿನ ಫ್ಯೂಸ್ ಹಾಕಿದ ವೈರ್ ಮೂಲಕ ವಿದ್ಯುತ್ ಕೊಡಿ. ತಿರುಗದಿದ್ದರೆ ಮೋಟಾರೇ ಕೆಟ್ಟಿದೆ. ನಿಧಾನವಾಗಿ ತಿರುಗುತ್ತಾ ಹೆಚ್ಚು ಆಂಪಿಯರ್ ಎಳೆದರೆ ಬೇರಿಂಗ್ ಬಿಗಿದಿದೆ. ಹೀಗಿರುವಾಗ ದೊಡ್ಡ ಫ್ಯೂಸ್ ಹಾಕಿದರೆ ವೈರಿಂಗ್ ಸುಡುತ್ತದೆ.

ನೇರವಾಗಿ ಕೊಟ್ಟಾಗ ಚೆನ್ನಾಗಿ ತಿರುಗಿದರೆ ದೋಷ ದಾರಿಯಲ್ಲಿದೆ. ಫ್ಯಾನ್ ಓಡುತ್ತಿರುವಾಗಲೇ ಮೋಟಾರಿನ ಕನೆಕ್ಟರಿನಲ್ಲಿ ಅಳೆಯಿರಿ. ಬ್ಯಾಟರಿಯಲ್ಲಿರುವುದಕ್ಕಿಂತ ಕಡಿಮೆಯಿದ್ದು, ವ್ಯತ್ಯಾಸ 0.5 ವೋಲ್ಟ್ ಮೀರಿದರೆ ತುಕ್ಕು ಹಿಡಿದ ಪಿನ್, ಸಡಿಲ ಅರ್ಥಿಂಗ್ ಅಥವಾ ಸುಟ್ಟ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಕಾರಣ. ಕನೆಕ್ಟರ್ ಬಿಚ್ಚಿಟ್ಟು ಅಳೆದರೆ ಕೆಟ್ಟ ವೈರಿನಲ್ಲೂ 12 ವೋಲ್ಟ್ ತೋರುತ್ತದೆ. ಈ ತಪ್ಪಿನಿಂದಲೇ ಒಳ್ಳೆಯ ಮೋಟಾರ್‌ಗಳು ಗುಜರಿಗೆ ಹೋಗುವುದು. ರಿಲೇಯಲ್ಲಿ 85 ಮತ್ತು 86 ಕಾಯಿಲಿನ ಪಿನ್‌ಗಳು, 30 ಮತ್ತು 87 ಫ್ಯಾನಿಗೆ ಹೋಗುವ ಕರೆಂಟಿನವು. ಟಿಕ್ ಎಂದ ಮಾತ್ರಕ್ಕೆ ರಿಲೇ ಸರಿಯಿದೆ ಎಂದಲ್ಲ, ಒಳಗಿನ ಸಂಪರ್ಕ ಸುಟ್ಟಿರಬಹುದು. ಪಕ್ಕದಲ್ಲಿ ಅದೇ ನಂಬರಿನ ರಿಲೇ ಇದ್ದರೆ ಅದಲುಬದಲು ಮಾಡಿ ನೋಡುವುದೇ ಬೇಗನೆ ಆಗುವ ಪರೀಕ್ಷೆ.

ಇನ್ನು ಟೆಂಪರೇಚರ್ ಸ್ವಿಚ್. ಎರಡು ಪಿನ್ನಿನ ಬರೀ ಸ್ವಿಚ್ ಆದರೆ ಕನೆಕ್ಟರ್ ಕಳಚಿ ಅದರ ಎರಡು ತುದಿ ಸೇರಿಸಿ. ಫ್ಯಾನ್ ಓಡಿದರೆ ಸ್ವಿಚ್ ಕೆಟ್ಟಿದೆ. ಕಂಟ್ರೋಲರಿಗೆ ಹೋಗುವ ಸೆನ್ಸರಿಗೆ ಹೀಗೆ ಮಾಡಬೇಡಿ, ಅದರ ರೆಸಿಸ್ಟೆನ್ಸ್ ಅಳೆಯಿರಿ: ಬಿಸಿ ಏರಿದಂತೆ ಓಮ್ ಇಳಿಯಬೇಕು. ಹಲವು ಸೆನ್ಸರ್‌ಗಳಲ್ಲಿ 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್ ಇದ್ದದ್ದು 90 ಡಿಗ್ರಿಯಲ್ಲಿ ಕೆಲವು ನೂರಕ್ಕೆ ಬರುತ್ತದೆ. ಕೂಲೆಂಟ್ ಕಡಿಮೆಯಾಗಿ ಸೆನ್ಸರಿನ ತುದಿ ಗಾಳಿಯಲ್ಲಿ ನಿಂತಿದ್ದರೆ ಎಂಜಿನ್ ಬೇಯುತ್ತಿದ್ದರೂ ಅದು ತಣ್ಣಗಿದೆ ಎಂದೇ ಹೇಳುತ್ತದೆ, ಫ್ಯಾನ್ ಓಡುವುದಿಲ್ಲ. ಸೆನ್ಸರ್ ಬದಲಿಸುವ ಮೊದಲು ಕೂಲೆಂಟ್ ಮಟ್ಟ ನೋಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ಹೈಡ್ರಾಲಿಕ್ ಮೋಟಾರಿನ ಫ್ಯಾನ್

ಇದರಲ್ಲಿ ಎಣ್ಣೆಯ ಒತ್ತಡ ಮೋಟಾರನ್ನು ತಿರುಗಿಸುತ್ತದೆ, ವಿದ್ಯುತ್ತಿನಿಂದ ಚಲಿಸುವ ಒಂದು ಸಾಲಿನಾಯ್ಡ್ ವಾಲ್ವ್ ವೇಗವನ್ನು ಹಿಡಿತದಲ್ಲಿಡುತ್ತದೆ. ಬಹುತೇಕ ವಿನ್ಯಾಸಗಳಲ್ಲಿ ಸಾಲಿನಾಯ್ಡಿಗೆ ಕರೆಂಟ್ ಇಲ್ಲದಿದ್ದರೆ ಫ್ಯಾನ್ ಪೂರ್ತಿ ವೇಗಕ್ಕೆ ಹೋಗುತ್ತದೆ. ವೈರ್ ಕಡಿದರೂ ಎಂಜಿನ್ ಉಳಿಯಲಿ ಎಂಬ ಮುಂದಾಲೋಚನೆ ಅದು. ಕೈಪಿಡಿಯಲ್ಲಿ ಇದನ್ನು ಖಚಿತಪಡಿಸಿಕೊಂಡರೆ ಕೈಯಲ್ಲೊಂದು ಸೊಗಸಾದ ಪರೀಕ್ಷೆ ಇದ್ದಂತೆ. ಎಂಜಿನ್ ನಿಲ್ಲಿಸಿ ಸಾಲಿನಾಯ್ಡಿನ ಕನೆಕ್ಟರ್ ತೆಗೆಯಿರಿ, ಎಲ್ಲರನ್ನೂ ದೂರ ನಿಲ್ಲಿಸಿ, ಎಂಜಿನ್ ಶುರುಮಾಡಿ ವೇಗ ಏರಿಸಿ. ಫ್ಯಾನ್ ಪೂರ್ತಿ ವೇಗ ಹಿಡಿದರೆ ಪಂಪ್, ಮೋಟಾರ್, ವಾಲ್ವ್ ಸರಿಯಿವೆ. ಸೆನ್ಸರ್, ವೈರ್, ಕಂಟ್ರೋಲರ್ ಹುಡುಕಿ. ಆಗಲೂ ನಿಧಾನವಾಗಿದ್ದರೆ ದೋಷ ಎಣ್ಣೆಯ ಕಡೆಗಿದೆ.

ವೇಗವನ್ನು ಕಣ್ಣಳತೆಯಲ್ಲಿ ಹೇಳಬೇಡಿ. ಹಬ್ಬಿಗೆ ಪ್ರತಿಫಲಿಸುವ ಪಟ್ಟಿಯ ಒಂದು ತುಂಡು ಅಂಟಿಸಿ, ಫೋಟೋ ಟ್ಯಾಕೋಮೀಟರಿನಲ್ಲಿ ಅಳೆದು ಕೈಪಿಡಿಯ ಸಂಖ್ಯೆಗೆ ಹೋಲಿಸಿ. ಗಾಳಿಯ ಪ್ರಮಾಣ ವೇಗದಷ್ಟೇ ಇಳಿಯುತ್ತದೆ: ಶೇ. 20 ವೇಗ ಹೋದರೆ ಶೇ. 20 ಗಾಳಿಯೂ ಹೋಯಿತು. ಆದರೆ ಫ್ಯಾನ್ ತಿರುಗಲು ಬಳಸುವ ಶಕ್ತಿ ಆಗ ಹತ್ತಿರ ಹತ್ತಿರ ಅರ್ಧಕ್ಕಿಳಿದಿರುತ್ತದೆ, ಹಾಗಾಗಿ ಸದ್ದು ಕಡಿಮೆಯಾಗಿ ಎಲ್ಲ ಚೆನ್ನಾಗಿದೆ ಎಂದು ಅನ್ನಿಸುತ್ತದೆ.

ವೇಗ ಕಡಿಮೆಯಿದ್ದರೆ ಮೋಟಾರಿನ ಕೇಸ್ ಡ್ರೇನ್ ಹೋಸನ್ನು (ಒಳಗೆ ಸೋರಿದ ಎಣ್ಣೆಯನ್ನು ಟ್ಯಾಂಕಿಗೆ ಒಯ್ಯುವ ಕೊಳವೆ) ಅಳತೆ ಪಾತ್ರೆಗೆ ಬಿಟ್ಟು ಒಂದು ನಿಮಿಷದಲ್ಲಿ ಎಷ್ಟು ಎಣ್ಣೆ ಬರುತ್ತದೆ ನೋಡಿ. ಮಿತಿ ಮೀರಿದರೆ ಮೋಟಾರ್ ಒಳಗೆ ಸವೆದಿದೆ. ಅದು ಸರಿಯಿದ್ದರೆ ಫ್ಯಾನಿನ ರಿಲೀಫ್ ವಾಲ್ವ್ ಬಿಚ್ಚಿ ಕಸ ಸಿಕ್ಕಿದೆಯೇ ನೋಡಿ, ಆಮೇಲಷ್ಟೇ ಪಂಪ್. ಶಾಫ್ಟ್ ಸೀಲ್ ಮೇಲಿಂದ ಮೇಲೆ ಹೋಗುತ್ತಿದ್ದರೆ ಹೊಸ ಸೀಲ್ ಹಾಕುವ ಮೊದಲು ಡ್ರೇನ್ ಹೋಸ್ ಮಡಚಿದೆಯೇ, ಕಟ್ಟಿದೆಯೇ ನೋಡಿ. ಹೊಸ ಮೋಟಾರ್ ಕೂರಿಸುವಾಗ ಅದರ ಕೇಸಿಗೆ ಎಣ್ಣೆ ತುಂಬಿಯೇ ಶುರುಮಾಡಿ. ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ಒತ್ತಡದ ಸಣ್ಣ ಧಾರೆ ಚರ್ಮದೊಳಕ್ಕೆ ಹೋಗುತ್ತದೆ, ಹೋದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಿಮ್ಮುಖ ತಿರುಗಿ ಕಸ ಊದುವ ಫ್ಯಾನಾದರೆ ಅದರ ವಾಲ್ವ್ ಹಿಮ್ಮುಖದಲ್ಲೇ ಸಿಕ್ಕಿಕೊಂಡಿಲ್ಲ ಎಂದು ರಿಬ್ಬನ್ನಿನಿಂದ ನೋಡಿಕೊಳ್ಳಿ.

ಫ್ಯಾನ್ ಸರಿಯಿದ್ದೂ ಬಿಸಿಯಾದರೆ

ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರ್ ಜಾಲರಿಯ ಮೇಲೆ ಅಲ್ಲಲ್ಲಿ ಅಳೆಯಿರಿ. ಮಧ್ಯೆ ಒಂದು ಭಾಗ ಮಾತ್ರ ತಣ್ಣಗಿದ್ದರೆ ಅಲ್ಲಿನ ಕೊಳವೆಗಳು ಒಳಗಿನಿಂದ ಕಟ್ಟಿವೆ. ಮೇಲಿನ ಹೋಸ್ ಬಿಸಿಯೇ ಆಗದಿದ್ದರೆ ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆಯುತ್ತಿಲ್ಲ. ಅದನ್ನು ಬಿಸಿನೀರಿನಲ್ಲಿ ತೂಗುಬಿಟ್ಟು ಅದರ ಮೇಲೆ ಅಚ್ಚಾದ ಡಿಗ್ರಿಗೆ ತೆರೆಯುತ್ತದೆಯೇ ನೋಡಿ. ತಣ್ಣಗಿನ ಎಂಜಿನನ್ನು ಮುಚ್ಚಳ ತೆಗೆದು ಶುರುಮಾಡಿದಾಗ ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲ್) ಮೇಲೆ ಅನುಮಾನ. ಹೈಡ್ರಾಲಿಕ್ ಎಣ್ಣೆ 82 ಡಿಗ್ರಿ ದಾಟಿದರೆ ಸೀಲ್‌ಗಳಿಗೆ ಹಾನಿ ಶುರು, ಮತ್ತು ಮುಂದೆ ನಿಂತಿರುವ ಆಯಿಲ್ ಕೂಲರಿನ ಬಿಸಿಗಾಳಿಯೇ ಹಿಂದಿನ ರೇಡಿಯೇಟರಿಗೆ ಹೋಗುವುದರಿಂದ ಎಣ್ಣೆಯ ದೋಷ ನೀರಿನ ಮುಳ್ಳಿನಲ್ಲಿ ಕಾಣಿಸಿಕೊಳ್ಳುತ್ತದೆ.

ರಿಪೇರಿಯಾದ ಮೇಲೆ ಐಡಲ್‌ನಲ್ಲಿ ಹತ್ತು ನಿಮಿಷ ಓಡಿಸಿ ಬಿಟ್ಟುಕೊಡಬೇಡಿ. ಎಲ್ಲ ಬಾಗಿಲು, ಫೋಮ್ ಪಟ್ಟಿ ಮುಚ್ಚಿ, ಮುಕ್ಕಾಲು ಗಂಟೆ ನಿಜವಾದ ಭಾರದ ಕೆಲಸ ಮಾಡಿಸಿ. ಕೂಲೆಂಟ್, ಎಣ್ಣೆ, ಹೊರಗಿನ ಗಾಳಿ ಮೂರರ ಡಿಗ್ರಿಗಳನ್ನು ಬರೆದು ಯಂತ್ರದ ದಾಖಲೆ ಪುಸ್ತಕದಲ್ಲಿ ಇಡಿ. ಮುಂದಿನ ಸಲ ಮುಳ್ಳು ಏರಿದಾಗ ಹೋಲಿಸಿ ನೋಡಲು ಆ ಮೂರು ಸಂಖ್ಯೆ ಬೇಕಾಗುತ್ತವೆ.